ಹಿಂದಿನ ಚಕ್ರದ ಸಿಟ್ಟು

ಒಂದಾನೊಂದು ಊರಿನಲ್ಲಿ ದುಡ್ಡಿನ ಬದಲು ಸಿಟ್ಟು ಚಲಾವಣೆಯಲ್ಲಿತ್ತು. ಹೂಂ ಅನ್ನಿ. ಹೂಂ ಅನ್ನದಿದ್ದರೆ ಕತೆ ಇಲ್ಲಿಗೇ ನಿಲ್ಲಿಸುತ್ತೇನೆ. ಇದನ್ನು ನೆನೆದರೇ ನನಗೆ ಮೈ ಉರಿಯುತ್ತದೆ, ಅದರ ಮೇಲೆ ನಿಮ್ಮ ಆಕಳಿಕೆ ಬೇರೆ.

ಆ ಊರಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಅದು ಮೂಗಿನ ತುದಿಯಲ್ಲಿ ಗುಲಗಂಜಿಯ ಹಾಗೆ ಕೆಂಪಗೆ ಕೂಡಿ ಟಪ್ಪೆಂದು ಉದುರುತ್ತಿತ್ತು. ಅದನ್ನು ಆರಿಸಿ, ಪಾವಿನಲ್ಲಿ ಅಳೆದು ಕೊಟ್ಟರೆ ಅಕ್ಕಿ ಸಿಗುತ್ತಿತ್ತು, ಬೇಳೆ ಸಿಗುತ್ತಿತ್ತು. ಕೊಟ್ಟ ಮೇಲೆ ಸಿಟ್ಟು ಹೋಯಿತು. ಮತ್ತೆ ಅಕ್ಕಿ ಬೇಕಾದರೆ ಮತ್ತೆ ಸಿಟ್ಟಾಗಬೇಕು. ಇಷ್ಟರವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ ಮೃದುಪಾಲ ಎಂಬವನು ರಾಜನಾದ. ಬಂದವನೇ ಮೂಗಿನ ಕಂದಾಯ ಹಾಕಿದ. ಪ್ರತಿಯೊಬ್ಬರ ಮೂಗಿನ ಕೆಳಗೂ ಒಬ್ಬ ಸೇವಕ ಚೀಲ ಹಿಡಿದು ನಿಂತ. ಸೇವಕನ ಮೂಗಿನ ಕೆಳಗೆ ಇನ್ನೊಬ್ಬ ಸೇವಕ. ಅವನ ಮೂಗಿನ ಕೆಳಗೆ ಯಾರು ಎಂದು ಕೇಳಬೇಡಿ, ಕೇಳಿದವರನ್ನೇ ಅಲ್ಲಿ ನಿಲ್ಲಿಸುತ್ತಿದ್ದರು. ಉದುರಿದ ಸಿಟ್ಟೆಲ್ಲ ಅರಮನೆಯ ಕಣಜಕ್ಕೆ ಹೋಯಿತು. ಜನರ ಹತ್ತಿರ ಸಿಟ್ಟೇ ಉಳಿಯಲಿಲ್ಲ. ಅನ್ನ ಸೀದರೆ, ಇರ್ಲಿ ಬಿಡಿ. ಸೂರು ಬಿದ್ದರೆ, ಇರ್ಲಿ ಬಿಡಿ. ಅಪ್ಪಿತಪ್ಪಿ ಯಾರಾದರೂ ದೂರು ತಂದರೆ ರಾಜ ಹೇಳುತ್ತಿದ್ದ, "ಹಾಗೇನೂ ನಮಗೆ ಗೊತ್ತಾಗಲಿಲ್ಲ. ರಾಜರಿಗೆ ಗೊತ್ತಾಗದ್ದು ನಡೆದೇ ಇಲ್ಲ." ಅದೇ ಕಾನೂನಾಯಿತು. ಕೇಳಿದಿರಾ ಅನ್ಯಾಯವನ್ನು?

ಊರ ಪಕ್ಕದಲ್ಲಿ ಹಲ್ಲುಗುಡ್ಡ ಇತ್ತು. ಅದರ ದಾರಿಯ ತುಂಬ ಕಲ್ಲು, ಬೇರು, ಕೊರಕಲು. ಗುಡ್ಡದ ತುದಿಯಲ್ಲಿ ಹೊಂಬಾಳಮ್ಮ ಎಂಬ ಹೆಂಗಸಿನ ಮನೆ. ಅವಳ ತಾಯಿ ಕಟ್ಟಿದ್ದು. ಒಂದು ದಿನ ರಾಜ ಹವಾಸೇವನೆಗೆಂದು ಸೈಕಲ್ಲಿನಲ್ಲಿ ಆ ದಾರಿ ಇಳಿಯಲು ಹೋದ. ಒಂದು ಕಲ್ಲು ಸಿಕ್ಕಿತು. ಒಂದೇ ಕಲ್ಲು. ರಾಜನ ಹಿಂಭಾಗಕ್ಕೆ ನೋವಾಯಿತು.

ಮರುದಿನ ಡಂಗುರ. "ಕೇಳ್ರಪ್ಪೋ ಕೇಳಿ. ಮಹಾಪ್ರಭುಗಳ ಹಿಂಭಾಗಕ್ಕೆ ಗುಡ್ಡ ನೋವು ಮಾಡಿದೆ. ಬರೋ ಹುಣ್ಣಿಮೆಗೆ ಅರಮನೆಯ ಲಟ್ಟಣಿಗೆ ತಂದು ಗುಡ್ಡಾನ ಚಪಾತಿ ಮಾಡಲಾಗುವುದು."

ಊರವರು ಏನಂದರು? ಇರ್ಲಿ ಬಿಡಿ ಅಂದರು.

ಹೊಂಬಾಳಮ್ಮ ಅನ್ನಲಿಲ್ಲ. ಅವಳ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಸಿಟ್ಟು ಇತ್ತು. ಹಿಂದೆ ಯಾವುದೋ ಮದುವೆಯಲ್ಲಿ ಅವಳ ತಾಯಿಗೆ ಪಾಯಸ ಬಡಿಸದೆ ಮುಂದೆ ಹೋಗಿದ್ದರು. ಆಗ ಬಂದ ಸಿಟ್ಟನ್ನು ಆ ತಾಯಿ ಖರ್ಚು ಮಾಡದೆ ಮಗಳಿಗೆ ಬಿಟ್ಟುಹೋಗಿದ್ದಳು. ರಾಜನ ಮುಂದೆ ಕೂಗಾಡಿದರೆ ಅದೂ ಚೀಲಕ್ಕೆ ಹೋಗುತ್ತದೆ. ಅದಕ್ಕೇ ಅವಳು ಮೆತ್ತಗೆ ಮಾತಾಡಿದಳು.

"ಮಾಸ್ವಾಮಿ, ತಪ್ಪು ಗುಡ್ಡದ್ದಲ್ಲ, ಸೈಕಲ್‌ದು. ಸರಿಯಾದ ಸೈಕಲ್ ತಂದು ನಾನು ಇಳಿದು ತೋರಿಸ್ತೀನಿ. ನೀವೂ ಇಳೀರಿ. ನಾನು ಗೆದ್ರೆ ಗುಡ್ಡ ಇದ್ದಂಗೇ ಇರ್ಬೇಕು."

"ನಾವು ಗೆದ್ದರೆ?"

"ನಮ್ಮನೇನೇ ನಿಮ್ಮ ಲಟ್ಟಣಿಗೆಗೆ ಮೊದಲು ಹಾಕಿ."

ರಾಜ ಒಪ್ಪಿದ. ಹೊಂಬಾಳಮ್ಮ ಬುಡೇನ್ ಸಾಬರ ಸೈಕಲ್ ಅಂಗಡಿಗೆ ಹೋದಳು.

"ಹಲ್ಲುಗುಡ್ಡ ಇಳಿಯೋ ಸೈಕಲ್ ಬೇಕು ಸಾಬ್ರೇ. ನನ್ನ ಹತ್ರ ಇರೋದು ಇಷ್ಟೇ," ಎಂದು ಗಂಟು ಬಿಚ್ಚಿದಳು.

ತೆಳು ಚಕ್ರದ ಒಂದು ಸೈಕಲ್ಲು, "ಕಲ್ಲಾ? ಕಲ್ಲಿನ ಮಾತು ನನ್ನ ಮುಂದೆ ಆಡಬೇಡಿ," ಎಂದು ಮೂರ್ಛೆ ಹೋಯಿತು. ಮುಂದೆ ಒಂದು ಸ್ಪ್ರಿಂಗು, ಹಿಂದೆ ಒಂದು ಸ್ಪ್ರಿಂಗು ಇದ್ದ ಇನ್ನೊಂದು ಸೈಕಲ್ಲು ತೂಗಾಡುತ್ತ ಹೇಳಿತು, "ನನ್ನ ಮೇಲೆ ಕೂತರೆ ನಿಮಗೆ ಏನೂ ಗೊತ್ತಾಗುವುದಿಲ್ಲ." ಅದರ ಬೆಲೆ ಒಂದು ಖಂಡುಗ ಸಿಟ್ಟು.

"ಅಷ್ಟು ಸಿಟ್ಟಿದ್ದಿದ್ರೆ ನಂಗೆ ಸೈಕಲ್ ಯಾಕೆ ಬೇಕಿತ್ತು? ನೆಟ್ಟಗೆ ಅರಮನೆಗೇ ಹೋಗ್ತಿದ್ದೆ," ಎಂದಳು ಹೊಂಬಾಳಮ್ಮ.

ಮೂರನೆಯದು ಅಗ್ಗದ್ದು, ಮೈತುಂಬ ಬಣ್ಣ. ಹತ್ತಿರ ಹೋಗಿ ನೋಡಿದರೆ ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಸ್ಪ್ರಿಂಗಿನ ಚಿತ್ರ ಬರೆದಿದ್ದರು. ಚಿತ್ರ! ಇಂಥದ್ದನ್ನು ಮಾಡಿದವರ ಮನೆಯಲ್ಲಿ ಊಟಕ್ಕೂ ಅನ್ನದ ಚಿತ್ರವನ್ನೇ ಬಡಿಸಬೇಕು.

"ಬಣ್ಣಕ್ಕೆ ಸಿಟ್ಟು ಸುರೀಬೇಡಮ್ಮ," ಎಂದರು ಸಾಬರು. "ಬ್ರೇಕಿಗೆ ಹಾಕು. ದಪ್ಪ ಟೈರಿಗೆ ಹಾಕು. ಮುಂದಿನ ಸ್ಪ್ರಿಂಗಿಗೆ ಹಾಕು. ಉಳಿದ್ರೆ ಹಿಂದಕ್ಕೆ ನೋಡೋಣ."

ಅಳೆದರು. ಏನೂ ಉಳಿಯಲಿಲ್ಲ.

ಆಗ ಸಾಬರು ಮೂಲೆಯಿಂದ ಒಂದನ್ನು ಎಳೆದು ತಂದರು. ಗುದ್ದಲು ಹೊರಟ ಟಗರಿನ ಹಾಗೆ ಮುಂದಿನ ಚಕ್ರವನ್ನು ಮುಂದಕ್ಕೆ ಚಾಚಿಕೊಂಡಿತ್ತು. ಎಮ್ಮೆ ಕೊಂಬಿನಷ್ಟು ಅಗಲದ ಹ್ಯಾಂಡಲ್. ಒಂದು ಗುಂಡಿ ಒತ್ತಿದರೆ ಸೀಟು ತಾನಾಗಿ ಕೆಳಗಿಳಿಯುತ್ತಿತ್ತು. ಮುಂದೆ ಸ್ಪ್ರಿಂಗು. ಹಿಂದೆ ಬರೀ ಕಬ್ಬಿಣ.

ಹಿಂದಿನ ಚಕ್ರ ಬಾಯಿ ಬಿಟ್ಟಿತು. "ಮುಂದಿನವನಿಗೆ ಸ್ಪ್ರಿಂಗು. ನಂಗೆ?"

"ನಿಂಗೆ ಇಲ್ಲಪ್ಪ," ಎಂದರು ಸಾಬರು.

"ಒಂದೇ ಸೈಕಲ್ಲು. ಒಂದೇ ದಾರಿ. ಅವನು ಹತ್ತಿದ ಕಲ್ಲನ್ನೇ ನಾನೂ ಹತ್ತಬೇಕು. ಅವನಿಗೆ ಮಾತ್ರ ಸ್ಪ್ರಿಂಗು. ಇದು ಯಾವ ನ್ಯಾಯ?"

"ಇದರ ಬಾಯಿಗೆ ಹೆದರಿ ಯಾರೂ ತಗೊಂಡಿಲ್ಲಮ್ಮ. ಮಿಕ್ಕಂಗೆ ಚಿನ್ನದಂಥ ಸೈಕಲ್ಲು."

ಹೊಂಬಾಳಮ್ಮ ಗಂಟಿನಲ್ಲಿದ್ದ ಸಿಟ್ಟನ್ನೆಲ್ಲ ಕೊಟ್ಟು ಅದನ್ನೇ ಕೊಂಡಳು. ಈಗ ಆದ ಪಜೀತಿ ಕೇಳಿ. ಸಿಟ್ಟು ಕೊಟ್ಟಾಯಿತು. ಅಂದರೆ ಅವಳಲ್ಲಿ ಸಿಟ್ಟಿಲ್ಲ. ಅಂಗಡಿಯ ಮೆಟ್ಟಿಲಿಳಿದು ಗುಡ್ಡವನ್ನು ನೋಡಿದಳು. ತುದಿಯಲ್ಲಿ ತಾಯಿಯ ಮನೆ ಕಂಡಿತು. ಅವಳ ಬಾಯಿಂದ ತಾನಾಗಿ ಬಂತು, "ಚಪಾತಿಯಾದ್ರೆ ಆಗ್ಲಿ. ಇರ್ಲಿ ಬಿ..."

"ಏನು ಇರ್ಲಿ?" ಎಂದು ಹಿಂದಿನ ಚಕ್ರ ಗದರಿತು. "ನಂಗೆ ಸ್ಪ್ರಿಂಗ್ ಇಲ್ಲ. ನಿಂಗೆ ನಾಳೆ ಮನೆ ಇರಲ್ಲ. ಹತ್ತು ಮೇಲೆ."

ಅವಳು ಹತ್ತಿದಳು.

ಹುಣ್ಣಿಮೆಯ ದಿನ ಬೆಳಿಗ್ಗೆ ಊರೆಲ್ಲ ದಾರಿಯ ಎರಡೂ ಬದಿಗೆ ನಿಂತಿತು. ಕೆಳಗೆ ಲಟ್ಟಣಿಗೆ ಎಣ್ಣೆ ಸವರಿಕೊಂಡು ಕಾಯುತ್ತಿತ್ತು. ರಾಜನ ಸೈಕಲ್ಲಿಗೆ ಮುಂದೆ ಸ್ಪ್ರಿಂಗು, ಹಿಂದೆ ಸ್ಪ್ರಿಂಗು, ಸೀಟಿಗೆ ಸ್ಪ್ರಿಂಗು, ಪೆಡಲಿಗೆ ಸ್ಪ್ರಿಂಗು, ಕಿರೀಟಕ್ಕೂ ಸ್ಪ್ರಿಂಗು. ಕೂತ ತಕ್ಷಣ ಅವನಿಗೆ ತೊಟ್ಟಿಲಲ್ಲಿ ಹಾಕಿದ ಹಾಗಾಗಿ ಕಣ್ಣು ಎಳೆಯಿತು. ಕಹಳೆ ಊದಿದರು. ರಾಜ ಗೊರಕೆ ಹೊಡೆಯುತ್ತ ಉರುಳಿದ.

ಹೊಂಬಾಳಮ್ಮ ಗುಂಡಿ ಒತ್ತಿ ಸೀಟು ಇಳಿಸಿದಳು. ಪೆಡಲ್ ಮೇಲೆ ಎದ್ದು ನಿಂತಳು. ಮುಂದಿನ ಚಕ್ರ ಕಲ್ಲನ್ನು ನುಂಗಿತು, ಹಿಂದಿನ ಚಕ್ರಕ್ಕೆ ಅದೇ ಕಲ್ಲು ಬಡಿಯಿತು.

"ಅಯ್ಯೋ, ಇವನು ಬೋಳುಗಲ್ಲು. ಇವನು ಕೊಡಲಿಗಲ್ಲು, ಇವನ ಮನೆ ಹಾಳಾಗ. ಇವಳು ಆಲದ ಬೇರು, ಅಡ್ಡ ಮಲಗೋಕೆ ಇವಳಿಗೆ ಬೇರೆ ಜಾಗ ಸಿಗಲಿಲ್ವಾ?"

ಕಲ್ಲಿಗೊಂದು ಬೈಗುಳ. ಬೈಗುಳಕ್ಕೊಂದು ಹಿಡಿ ಸಿಟ್ಟು. ಚಕ್ರದಿಂದ ಕೆಂಪು ಕಾಳುಗಳು ಸಿಡಿದು ದಾರಿಯ ಎರಡೂ ಬದಿಗೆ ಬಿದ್ದವು. ಸೇವಕರು ಚೀಲ ಹಿಡಿದು ಓಡಿದರು. ಆದರೆ ಕಾನೂನಿನಲ್ಲಿ ಮೂಗು ಎಂದಿತ್ತು. ಚಕ್ರಕ್ಕೆ ಮೂಗಿಲ್ಲ. ಸೇವಕರು ಮೂಗು ಹುಡುಕುತ್ತಿರುವಾಗ ಜನ ಬಗ್ಗಿ ಕಾಳು ಆರಿಸಿ ಮಡಿಲು ತುಂಬಿಕೊಂಡರು.

ಆದರೂ ಕೆಳಗೆ ಮೊದಲು ಬಂದವನು ರಾಜನೇ. ಹೌದು, ಅವನೇ. ನನ್ನ ಮುಖ ಯಾಕೆ ನೋಡುತ್ತೀರಿ? ನಿದ್ದೆ ಹೋದವನು ಬ್ರೇಕ್ ಹಿಡಿಯುವುದಿಲ್ಲ. ಮಂತ್ರಿ ಅವನನ್ನು ತಟ್ಟಿ ಎಬ್ಬಿಸಿದ. ಲಟ್ಟಣಿಗೆ ಒಂದು ಸುತ್ತು ಉರುಳಿತು.

ಅಷ್ಟರಲ್ಲಿ ಹೊಂಬಾಳಮ್ಮ ಬಂದಿಳಿದಳು. ಮೊಣಕಾಲು ತರಚಿತ್ತು, ಹಲ್ಲು ಇನ್ನೂ ಕಟಕಟ ಅನ್ನುತ್ತಿತ್ತು.

"ಮಾಸ್ವಾಮಿ, ದಾರೀಲಿ ಕೊಡಲಿಗಲ್ಲು ಸಿಕ್ತಾ?"

"ನಮಗೆ ಗೊತ್ತಾಗಲಿಲ್ಲ."

"ಬೋಳುಗಲ್ಲು? ಆಲದ ಬೇರು?"

"ನಮಗೆ ಏನೂ ಗೊತ್ತಾಗಲಿಲ್ಲ," ಎಂದ ರಾಜ ಹೆಮ್ಮೆಯಿಂದ. "ಅಂಥ ಸೈಕಲ್ಲು ನಮ್ಮದು."

"ರಾಜರಿಗೆ ಗೊತ್ತಾಗದ್ದು ನಡೆದೇ ಇಲ್ಲ ಅಲ್ವಾ ಮಾಸ್ವಾಮಿ? ಹಂಗಾದ್ರೆ ತಾವು ಗುಡ್ಡ ಇಳಿದೇ ಇಲ್ಲ."

ಮಂತ್ರಿ ಕಾನೂನನ್ನು ಮನಸ್ಸಿನಲ್ಲೇ ಉದ್ದಕ್ಕೆ ಓದಿದ, ಅಡ್ಡಕ್ಕೆ ಓದಿದ. ರಾಜ ಇನ್ನೂ ಗುಡ್ಡದ ಮೇಲೇ ಇದ್ದಾನೆ ಎಂದು ತೀರ್ಪು ಕೊಟ್ಟ.

ರಾಜ ಸುತ್ತಲೂ ನೋಡಿದ. ಜನರೆಲ್ಲ ನಿಂತಿದ್ದರು, ಎಲ್ಲರ ಮಡಿಲಲ್ಲೂ ಸಿಟ್ಟು. ಸೀದ ಅನ್ನ ಅವರಿಗೆ ಈಗ ನೆನಪಾಯಿತು. ಬಿದ್ದ ಸೂರು ನೆನಪಾಯಿತು. ಮೂಗಿನ ಕೆಳಗಿನ ಚೀಲ ನೆನಪಾಯಿತು. ರಾಜ ಸಿಟ್ಟಾಗಲು ನೋಡಿದ. ಸ್ಪ್ರಿಂಗುಗಳ ಮೇಲೆ ಎಷ್ಟು ಸುಖವಾಗಿದ್ದನೆಂದರೆ ಒಂದು ಕಾಳೂ ಉದುರಲಿಲ್ಲ.

"ಇರ್ಲಿ ಬಿಡಿ," ಎಂದ ರಾಜ.

"ಇರೋದೂ ಇಲ್ಲ, ಬಿಡೋದೂ ಇಲ್ಲ," ಎಂದಿತು ಊರು.

ಅವನನ್ನು ಆ ಸೈಕಲ್ಲಿನ ಸಮೇತ ಮತ್ತೆ ಗುಡ್ಡಕ್ಕೆ ಹತ್ತಿಸಿದರು, ಈ ಸಲ ಗೊತ್ತಾಗುವ ಹಾಗೆ ಇಳಿದು ಬಾ ಎಂದು. ಅವನು ಇಂದಿಗೂ ಇಳಿಯುತ್ತಿದ್ದಾನೆ, ಇಂದಿಗೂ ಗೊತ್ತಾಗಿಲ್ಲ. ಲಟ್ಟಣಿಗೆಯನ್ನು ಹೊಂಬಾಳಮ್ಮ ಮನೆಯ ಮುಂದೆ ಜಗಲಿಗೆ ಹಾಕಿಕೊಂಡಳು. ಅದರ ಮೇಲೆ ಕೂತು ಒಂದು ದಿನ ಹಿಂದಿನ ಚಕ್ರವನ್ನು ಕೇಳಿದಳು, "ಈಗ ಕೈಲಿ ಸಿಟ್ಟಿದೆ ಕಣೋ. ನಿಂಗೂ ಒಂದು ಸ್ಪ್ರಿಂಗ್ ಹಾಕಿಸ್ಲಾ?"

ಚಕ್ರಕ್ಕೆ ಕೆಂಡದಂಥ ಕೋಪ ಬಂತು. "ಸ್ಪ್ರಿಂಗ್ ಹಾಕಿದ್ರೆ ನಾನು ಯಾವ ಬಾಯಲ್ಲಿ ಬೈಯಲಿ? ನನ್ನ ಹೊಟ್ಟೆ ಮೇಲೆ ಹೊಡೀತೀಯಾ?"

ಕತೆಯ ನೀತಿ ಇಷ್ಟೇ. ಸೈಕಲ್ ಕೊಳ್ಳಲು ಹೋದಾಗ ಸೀಟನ್ನು ಒತ್ತಿ ನೋಡಿ ಹಾಯ್ ಅನ್ನಬೇಡಿ, ಹಿಂದಿನ ಚಕ್ರ ಬೈಯುತ್ತದೆಯೋ ಇಲ್ಲವೋ ಕೇಳಿ. ಕತೆ ಗುಡ್ಡ ಇಳಿಯಿತು, ನನ್ನ ಬಾಯಿ ಬ್ರೇಕ್ ಹಿಡಿಯಿತು. ಮಡಿಲಲ್ಲಿ ಕಾಳು ಬಿದ್ದವರು ಅದನ್ನು ಎತ್ತಿಟ್ಟುಕೊಂಡು ಮನೆಗೆ ಹೋಗಿ, ಬೇಕಾಗುತ್ತದೆ.