ಉಕ್ಕಿನ ತಂತಿಯ ಸಲಹೆ

ಡ್ರಾಯಿಂಗ್ ಮೇಷ್ಟ್ರು ಐರಣ್ಣನವರು ಹವ್ಯಾಸಕ್ಕೆಂದು ನುಡಿಸುತ್ತಿದ್ದ ಎರಡು ಗಿಟಾರುಗಳು ಒಂದೇ ಗೋಡೆಯ ಮೇಲೆ ತೂಗುತ್ತಿದ್ದವು. ಹಳೆಯದಕ್ಕೆ ಉಕ್ಕಿನ ತಂತಿ, ಹೊಸದಕ್ಕೆ ನೈಲಾನಿನದು.

“ನಿಮ್ಮ ದನಿ ಬೀದಿಗೆ ಕೇಳುತ್ತದೆ. ನನ್ನದು ಹೊಸ್ತಿಲು ದಾಟುವುದಿಲ್ಲ. ಏನು ಮಾಡಲಿ?” ಎಂದು ಹೊಸದು ಕೇಳಿತು.

“ಉಕ್ಕಿನ ತಂತಿ ಹಾಕಿಸಿಕೋ,” ಎಂದಿತು ಹಳೆಯದು. ಯಾರು ಏನೇ ಕೇಳಲಿ, ಅದು ಕೊಡುತ್ತಿದ್ದ ಸಲಹೆ ಅದೊಂದೇ.

ಹೊಸದರ ಎದೆಯ ಮೇಲೆ ತಂತಿಗಳನ್ನು ಹಿಡಿದಿದ್ದ ಮರದ ಪಟ್ಟಿ ನಡುವೆ ಬಾಯಿ ಹಾಕಿತು: “ನಾನು ನಿಂತಿರುವುದು ಬರೀ ಅಂಟಿನ ಮೇಲೆ. ಅಷ್ಟು ಎಳೆತ ತಡೆಯಲಾರೆ.”

“ನಾನು ಹನ್ನೆರಡು ವರ್ಷ ತಡೆದಿಲ್ಲವೇ? ನನಗೇನಾಗಿದೆ?” ಎಂದು ಹಳೆಯದು ಗದರಿತು. ಎಳೆತ ತಡೆಯಲೆಂದೇ ತನ್ನ ಕತ್ತಿನೊಳಗೆ ಕಬ್ಬಿಣದ ಸರಳಿದೆ ಎಂಬುದು ಅದಕ್ಕೇ ಗೊತ್ತಿರಲಿಲ್ಲ.

ಅಂದಿನಿಂದ ಹೊಸ ಗಿಟಾರು ಬೇಕೆಂದೇ ಅಪಶ್ರುತಿ ನುಡಿಯತೊಡಗಿತು. ಬೇಸತ್ತ ಮೇಷ್ಟ್ರು, ದೋಷ ನೈಲಾನಿನದೇ ಎಂದುಕೊಂಡು, ಅದಕ್ಕೂ ಉಕ್ಕಿನ ತಂತಿ ಬಿಗಿದರು. ಮೂರು ದಿನ ಅದರ ದನಿ ಬೀದಿಗೆ ಕೇಳಿತು. ನಾಲ್ಕನೆಯ ದಿನ ಪಟ್ಟಿ ಎದೆಯ ಹಲಗೆಯನ್ನು ಸೀಳಿಕೊಂಡು ಕಿತ್ತುಬಂತು. ಮೇಷ್ಟ್ರು ತಂತಿಗಳನ್ನು ಬಿಚ್ಚಿಕೊಂಡು, ನೋಡಲಾರದೆ, ಗಿಟಾರನ್ನು ಗೋಡೆಗೆ ಮುಖಮಾಡಿ ತೂಗುಹಾಕಿದರು.

ತಿಂಗಳೊಪ್ಪತ್ತಿನಲ್ಲಿ ಪಕ್ಕದ ಮೊಳೆಗೆ ಯುಕುಲೆಲೆ ಎಂಬ, ಗಿಟಾರಿನಂಥದೇ ನೈಲಾನ್ ತಂತಿಯ ಪುಟ್ಟ ವಾದ್ಯ ಬಂತು. ಬಂದದ್ದೇ, ದನಿ ದೊಡ್ಡದಾಗಲು ಏನು ಮಾಡಬೇಕೆಂದು ಕೇಳಿತು.

“ಉಕ್ಕಿನ ತಂತಿ ಹಾಕಿಸಿಕೋ,” ಎಂದಿತು ಹಳೆಯದು. “ಬೇಕಾದರೆ ಇದನ್ನೇ ಕೇಳು, ಮೂರು ದಿನ ಹೇಗೆ ನುಡಿಯಿತು ಅಂತ.”

ಯುಕುಲೆಲೆ ಆ ಬೆನ್ನಿನತ್ತ ತಿರುಗಿ ಕೇಳಿತು. ಬೇಡವೆನ್ನಲು ಮುರಿದ ಗಿಟಾರು ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿತು. ತಂತಿಯಿಲ್ಲದ ಎದೆಯಿಂದ ದನಿ ಹೊರಡಲಿಲ್ಲ.

ಅದು ಸುಮ್ಮನಿದ್ದುದನ್ನು ಯುಕುಲೆಲೆ ಒಪ್ಪಿಗೆಯೆಂದೇ ತಿಳಿಯಿತು.