ಇನ್ನಾಸಿ ತಿರುಗಿಸಿದ ಐಸ್ ಕ್ರೀಮು

ಬುದ್ಧಿ ಹೇಳಿದವರು ಪೆದ್ದರೋ, ಹೇಳಿದಂತೆ ಕೇಳಿದವನು ಪೆದ್ದನೋ, ಕತೆ ಮುಗಿದ ಮೇಲೆ ನೀವೇ ತೀರ್ಮಾನ ಮಾಡಿ. ನನಗಂತೂ ಇವತ್ತಿಗೂ ಬಗೆಹರಿದಿಲ್ಲ.

ರೈಲು ದಾರಿ ಎರಡಾಗಿ ಒಡೆಯುವ ಒಂದು ಊರು. ಆ ಊರಿನ ಸ್ಟೇಷನ್ ರಸ್ತೆಯಲ್ಲಿ ಇಡ್ಲಿ ಬೇಯಿಸಿ ಮಾರುವ ಆರೋಗ್ಯಮ್ಮ. ಅವಳಿಗೊಬ್ಬನೇ ಮಗ, ಇನ್ನಾಸಿ. ವಯಸ್ಸು ಇಪ್ಪತ್ತೆಂಟು, ಆಳು ಬಾಗಿಲೆತ್ತರ, ಕೈಗಾಡಿ ಎಳೆಯಲು ನಿಂತರೆ ಎತ್ತಿನಂಥವನು. ಸುಳ್ಳು ಹೇಳಲು ಗೊತ್ತಿಲ್ಲ, ಕದಿಯಲು ಗೊತ್ತಿಲ್ಲ, ಹೇಳಿದ ಮಾತು ಮೀರಲು ಗೊತ್ತಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಒಮ್ಮೆ ಸಂತೆಯಿಂದ ಸೋರುವ ಕೊಡ ತಂದ. ಅಮ್ಮ ಹಣೆ ಚಚ್ಚಿಕೊಂಡಳು.

"ಯಾವ ಗಳಿಗೇಲಿ ಹೆತ್ತೆನಪ್ಪ ನಿನ್ನ! ನೀರು ಹಾಕಿ ನೋಡದೆ ಏನನ್ನೂ ತರಬಾರದು ಕಣೋ."

"ಆಯ್ತಮ್ಮ," ಎಂದ ಇನ್ನಾಸಿ.

ಅಮ್ಮ ಹೇಳಿದಳು, ಮಗ ಕೇಳಿದ. ಅದು ಅಲ್ಲಿಗೆ ಮುಗಿಯಿತು ಎಂದು ಅವಳು ತಿಳಿದಳು.

ಒಂದು ಸೋಮವಾರ ಬೀರೂರಿನಿಂದ ಒಂದು ಕಾಗದ ಬಂತು. ಬರೆದವಳು ಆರೋಗ್ಯಮ್ಮನ ತಂಗಿ ರೀತಮ್ಮ. ಹನ್ನೊಂದು ವರ್ಷದಿಂದ ಅಕ್ಕನ ಹೊಸ್ತಿಲು ತುಳಿಯದವಳು. ಕಾಗದದಲ್ಲಿ ಮೂರೇ ಸಾಲು. ಭಾನುವಾರ ಅಪ್ಪನ ಸಮಾಧಿಗೆ ಹೂ ಇಡಲು ಬರುತ್ತೇನೆ. ಸಾಯಂಕಾಲ ಐದರ ರೈಲಿಗೆ ವಾಪಸು. ನಿನ್ನ ಮನೆಗೆ ಬರುವ ಮಾತಿಲ್ಲ.

ಆರೋಗ್ಯಮ್ಮ ಅದನ್ನು ಓದಿದಳು, ಮಡಿಸಿದಳು, ಮತ್ತೆ ಬಿಡಿಸಿ ಓದಿದಳು. ಬರುವ ಮಾತಿಲ್ಲ ಎಂದು ಬರೆಯುವುದಕ್ಕಾದರೂ ಬರೆದಳಲ್ಲ!

ಅಕ್ಕತಂಗಿಯರ ನಡುವೆ ಬಿದ್ದದ್ದು ಆಸ್ತಿಯ ಜಗಳವಲ್ಲ, ಒಂದು ಮರದ ಬಕೆಟ್ಟಿನ ಜಗಳ. ಅವರಪ್ಪ ಚೌರಪ್ಪ ರೈಲ್ವೆ ಸಾಹೇಬರ ಕ್ಲಬ್ಬಿನಲ್ಲಿ ಅಡುಗೆಯವನು. ಅವನ ಐಸ್ ಕ್ರೀಮಿಗೆ ಊರೂರಿನ ಸಾಹೇಬರು ಬರುತ್ತಿದ್ದರು. ಮರದ ಬಕೆಟ್ಟು, ಅದರ ನಡುವೆ ತಗಡಿನ ಡಬ್ಬಿ, ಮೇಲೊಂದು ತಿರುಗಿಸುವ ಹಿಡಿ. ಡಬ್ಬಿಗೆ ಕಾಯಿಸಿ ಆರಿಸಿದ ಹಾಲು, ಸಕ್ಕರೆ, ಚಿಟಿಕೆ ಜಾಯಿಕಾಯಿ. ಸುತ್ತ ಐಸು, ಐಸಿನ ಮೇಲೆ ಹರಳುಪ್ಪು. ಮುಕ್ಕಾಲು ಗಂಟೆ ಹಿಡಿ ತಿರುಗಿಸಿದರೆ ಹಾಲು ಗಟ್ಟಿ.

ಇಬ್ಬರು ಹೆಣ್ಣುಮಕ್ಕಳು ಕ್ಲಬ್ಬಿನ ಜಾಲರಿ ಬಾಗಿಲ ಹಿಂದೆ ಕೂತು ಆ ಗರಗರ ಕೇಳುತ್ತಿದ್ದರು. ಕೇಳುವುದಷ್ಟೇ. ಸಾಹೇಬರು ತಿಂದು ಮಿಕ್ಕಿದ್ದು ಟಿಫನ್ ಕ್ಯಾರಿಯರಿನಲ್ಲಿ ಮನೆ ಸೇರುವ ಹೊತ್ತಿಗೆ ಮತ್ತೆ ಹಾಲಾಗಿರುತ್ತಿತ್ತು. ಆರು ವರ್ಷದ ರೀತಾ ಅಕ್ಕನ ಕಿವಿಯಲ್ಲಿ ಹೇಳುತ್ತಿದ್ದಳು: "ಅಕ್ಕ, ಒಂದು ದಿನ ನಾವೂ ಬಟ್ಟಲಲ್ಲಿ ಹಾಕ್ಕೊಂಡು ಚಮಚದಲ್ಲಿ ಕೆತ್ತಿ ತಿನ್ಬೇಕು."

ಚೌರಪ್ಪ ಕೆಲಸ ಬಿಟ್ಟಾಗ ಕ್ಲಬ್ಬಿನವರು ಆ ಹಳೆಯ ಬಕೆಟ್ಟನ್ನೇ ಅವನಿಗೆ ಕೊಟ್ಟು ಕಳಿಸಿದರು. ಅವನು ತೀರಿಹೋದ ಮೇಲೆ ಅದು ಆರೋಗ್ಯಮ್ಮನ ಅಟ್ಟ ಸೇರಿತು. ಒಂದು ಬೇಸಿಗೆ ಅವಳು ಅದನ್ನು ಕೆಳಗಿಳಿಸಿ ನೀರು ಹೊಯ್ದಳು. ನಾಲ್ಕೂ ಕಡೆ ಸೋರಿತು. ಇನ್ನೇಕೆ ಎಂದು ಹಂಡೆ ಒಲೆಗೆ ಹಾಕಿದಳು. ವಾರ ಕಳೆದು ರೀತಾ ಬಂದು ಕೇಳಿದಳು, ಅಪ್ಪನ ಬಕೆಟ್ಟೆಲ್ಲಿ ಅಂತ. ಇದ್ದದ್ದು ಹೇಳಿದ್ದಕ್ಕೆ, "ಅಪ್ಪನ್ನೇ ಒಲೆಗೆ ಹಾಕಿದೆ ನೀನು," ಎಂದವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಆಮೇಲೊಮ್ಮೆ ಕ್ಲಬ್ಬಿನ ಹಳೆಯ ಮಾಣಿ ಸಿಕ್ಕಿ ಹೇಳಿದ, ಒಣಗಿದ ಮರ ಸೋರದೆ ಇರುತ್ತೇನಮ್ಮ, ಎರಡು ದಿನ ನೆನೆಹಾಕಿದ್ದರೆ ಊದಿಕೊಂಡು ತಾನೇ ಕೂಡಿಕೊಳ್ಳುತ್ತಿತ್ತು ಎಂದು. ಆರೋಗ್ಯಮ್ಮ ಅದನ್ನು ಯಾರಿಗೂ ಹೇಳಲಿಲ್ಲ. ಹೊಟ್ಟೆಯೊಳಗೇ ಇಟ್ಟುಕೊಂಡಳು.

ಈಗ ಕಾಗದ ಬಂದಿದೆ. ತಂಗಿಗೆ ಒಂದು ಬಟ್ಟಲು ಐಸ್ ಕ್ರೀಮು, ಗಟ್ಟಿಯದು, ಚಮಚದಲ್ಲಿ ಕೆತ್ತುವಂಥದ್ದು, ತನ್ನ ಕೈಯಿಂದ ಕೊಡಬೇಕು. ಅವಳ ಜೀವಕ್ಕೆ ಅಂಟಿಕೊಂಡದ್ದು ಅದೊಂದೇ ಆಸೆ.

"ಇನ್ನಾಸಿ, ದಸ್ತಗೀರ್ ಸಾಬರ ಹಳೇ ಸಾಮಾನಿನ ಅಂಗಡೀಲಿ ಐಸ್ ಕ್ರೀಮ್ ಮಾಡೋ ಮಿಷನ್ನು ಇದೆಯಂತೆ. ಚೆನ್ನಾಗಿರೋದು ನೋಡಿ ತಗೊಂಬಾ. ಮರದ್ದೇ ಆಗ್ಬೇಕು."

"ಆಯ್ತಮ್ಮ."

ಸಾಬರು ಮೂರು ಮಿಷನ್ನು ತಂದಿಟ್ಟರು. ಒಂದು ಕರೆಂಟಿನದು, ಒಂದು ತಗಡಿನದು, ಒಂದು ಮರದ್ದು. ಕರೆಂಟಿನದನ್ನು ಹಾಕಿ ತೋರಿಸಿದರು, ಅದು ಜುಯ್ಯೆಂದಿತು. ನೀರು ಹಾಕಿ ನೋಡದೆ ಏನನ್ನೂ ತರಬಾರದಲ್ಲ? ಇನ್ನಾಸಿ ಚೊಂಬು ನೀರು ತಂದು ಅದರ ನೆತ್ತಿಯ ಮೇಲೆ ಸುರಿದ. ಟಪ್ ಎಂದು ಅದು ಬಾಯಿ ಮುಚ್ಚಿತು. ಸಾಬರೂ ಬಾಯಿ ತೆರೆದವರು ಹಾಗೇ ಉಳಿದರು. ತಗಡಿನದಕ್ಕೆ ಸುರಿದ, ಸೋರಲಿಲ್ಲ. ಮರದ್ದಕ್ಕೆ ಸುರಿದ, ನಾಲ್ಕೂ ಕಡೆ ಸೋರಿತು. ಬರಿಗೈಯಲ್ಲಿ ಮನೆಗೆ ಬಂದ.

"ಎಲ್ಲೋ ಮಿಷನ್ನು?"

"ಮರದ್ದು ಸೋರುತ್ತಮ್ಮ. ಅದು ಒಲೆಗೇ ಸರಿ."

ಆರೋಗ್ಯಮ್ಮನ ಮುಖ ಬಿಳಿಚಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಓಡಿದಳು. ಸಾಬರ ಕೈಕಾಲು ಹಿಡಿದು ಸಮಾಧಾನ ಮಾಡಿ, ಆ ಬಕೆಟ್ಟನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಳು.

"ಯಾವ ಗಳಿಗೇಲಿ ಹೆತ್ತೆನಪ್ಪ ನಿನ್ನ! ಮರ ಒಣಗಿದೆ, ಅದಕ್ಕೇ ಸೋರುತ್ತೆ. ಒಣಗಿದ್ದನ್ನ ಮೊದಲು ನೀರಲ್ಲಿ ನೆನೆಹಾಕ್ಬೇಕು ಕಣೋ. ತಿಳೀತಾ?"

"ಆಯ್ತಮ್ಮ."

ಬಕೆಟ್ಟನ್ನು ಬಾವಿಕಟ್ಟೆಯ ತೊಟ್ಟಿಯಲ್ಲಿ ನೆನೆಹಾಕಿದರು. ಎರಡು ದಿನಕ್ಕೆ ಮರ ಊದಿ ಸಂದು ಕೂಡಿತು. ಒಂದು ಹನಿ ಸೋರಲಿಲ್ಲ. ಆರೋಗ್ಯಮ್ಮ ಅದರ ಅಂಚು ಸವರಿದಳು. ಇಷ್ಟೇ ಕೆಲಸ. ಎರಡು ದಿನದ ನೀರು.

ಗುರುವಾರ ಹರಳುಪ್ಪಿಗೆ ಮಗನನ್ನು ಕಳಿಸಿದಳು. ಐದು ಸೇರು ತಂದ. ಕೈ ಹಾಕಿ ನೋಡಿದ, ಗರಿಗರಿ ಒಣಗಿತ್ತು. ಒಣಗಿದ್ದನ್ನು ಮೊದಲು ನೆನೆಹಾಕಬೇಕಲ್ಲ? ತೊಟ್ಟಿಗೆ ಸುರಿದ. ಸಂಜೆ ಅಮ್ಮ ಕೇಳಿದಳು.

"ಉಪ್ಪೆಲ್ಲೋ?"

"ನೆನೆಹಾಕಿದೀನಮ್ಮ. ಇನ್ನೂ ಊದಿಲ್ಲ. ಎಲ್ಲಿ ಹೋಯ್ತೋ ಕಾಣ್ತಾನೂ ಇಲ್ಲ."

ಅಮ್ಮ ತೊಟ್ಟಿಗೆ ಬೆರಳಿಟ್ಟು ನಾಲಿಗೆಗೆ ಹಚ್ಚಿ ನೋಡಿದಳು. ಸಮುದ್ರ.

"ಯಾವ ಗಳಿಗೇಲಿ ಹೆತ್ತೆನಪ್ಪ ನಿನ್ನ! ಕರಗೋ ವಸ್ತುನ ಯಾರಾದ್ರೂ ಒದ್ದೆ ಮಾಡ್ತಾರಾ? ಕರಗೋದನ್ನ ಒಲೆ ಪಕ್ಕ ಬೆಚ್ಚಗೆ ಇಡ್ಬೇಕು ಕಣೋ."

"ಆಯ್ತಮ್ಮ."

ಬೇರೆ ಉಪ್ಪು ತಂದು ಅವಳೇ ಒಲೆಯ ಪಕ್ಕ ಇಟ್ಟಳು.

ಭಾನುವಾರ ಬೆಳಗಾಯಿತು. ಇನ್ನಾಸಿ ಕೈಗಾಡಿಯಲ್ಲಿ ಸೋಡಾ ಫ್ಯಾಕ್ಟರಿಯಿಂದ ಐಸ್ ಗಡ್ಡೆ ತಂದ. ಗಾಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಯ್ಯೋ, ಇದೂ ಕರಗುವ ವಸ್ತು! ಬುದ್ಧಿ ನೆನಪಿಟ್ಟುಕೊಂಡವನು ಓಡಿ ಹೋಗಿ ಒಲೆಯ ಪಕ್ಕ ಇಟ್ಟ. ಬೆಚ್ಚಗಿರಲಿ ಎಂದು ಎರಡು ಸೌದೆ ಹೆಚ್ಚಿಗೆ ತುರುಕಿದ. ಹಾಲು ಆರಿಸಿ ಒಳಗೆ ಬಂದ ಆರೋಗ್ಯಮ್ಮ ಜಾರಿಬಿದ್ದಳು. ಅಡುಗೆಮನೆ ತುಂಬ ನೀರು.

ಅವಳಿಗೆ ಬೈಯಲೂ ಉಸಿರಿರಲಿಲ್ಲ. ನೀರಿನಲ್ಲೇ ಕೂತು ಹೇಳಿದಳು: "ಯಾವ ಗಳಿಗೇಲಿ ಹೆತ್ತೆನಪ್ಪ... ಬಿಸಿಲಲ್ಲಿ ಏನಾದ್ರೂ ತರೋದಾದ್ರೆ ಹಸಿ ಗೋಣಿ ಹೊದಿಸಿ, ಮರದ ಹೊಟ್ಟು ಸುರಿದು, ಯಾರ ಜೊತೇನೂ ಮಾತಾಡದೆ, ಎಲ್ಲೂ ನಿಲ್ಲದೆ ಓಡಿ ಬರ್ಬೇಕು ಕಣೋ."

"ಆಯ್ತಮ್ಮ."

ಈ ಸಲ ಐಸು ಕಲ್ಲಿನ ಹಾಗೆ ಬಂತು. ಅಮ್ಮ ಮಗನ ಬೆನ್ನು ತಟ್ಟಿದಳು. ಆ ಸಂತೋಷದಲ್ಲಿ ಇನ್ನೊಂದು ಮಾತು ಬಾಯಿಂದ ಜಾರಿತು: "ಚಿಕ್ಕಮ್ಮ ರೈಲಿಳಿಯೋ ಹೊತ್ತಾಯ್ತು. ಹೋಗಿ ಕೇಳಿ ನೋಡು, ಬಂದ್ರೆ ಕರ್ಕೊಂಡು ಬಾ. ಮೊಣಕಾಲು ನೋವಿನೋಳು, ಗಾಡಿ ತಗೊಂಡು ಹೋಗು. ಪಾಪ, ಬಿಸಿಲು ಬೇರೆ."

ಬಿಸಿಲು!

ಸ್ಟೇಷನ್ನಿನ ಹೊರಗೆ ರೀತಮ್ಮ ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು. "ಇನ್ನಾಸಿ ಅಲ್ವೇನೋ? ಎಷ್ಟೆತ್ತರ ಬೆಳೆದಿದೀಯೋ! ಸಮಾಧಿ ತನಕ ಬಿಟ್ಟುಬಿಡಪ್ಪ, ಮನೆಗೆ ಬೇಡ," ಎಂದಳು. ಇನ್ನಾಸಿ ಮಾತಾಡಲಿಲ್ಲ. ಅವಳು ಗಾಡಿಯ ಮೇಲೆ ಕೂತದ್ದೇ ತಡ, ಗಾಡಿಯಲ್ಲೇ ಇದ್ದ ಐಸಿನ ಹಸಿ ಗೋಣಿ ಹೊದಿಸಿದ, ಮರದ ಹೊಟ್ಟು ಸುರಿದ, ಗಾಡಿ ಹಿಡಿದು ಓಡಿದ. ಸಮಾಧಿ ಬಂತು, ಸಮಾಧಿ ಹೋಯಿತು. "ನಿಲ್ಲಿಸೋ!" ಎಂದು ಗೋಣಿಯೊಳಗಿಂದ ಕೂಗು. ನಿಲ್ಲಲಿಲ್ಲ. "ಯಾಕೋ, ಬಾಯಿಲ್ವೇನೋ?" ಮಾತಾಡಲಿಲ್ಲ.

ಆರೋಗ್ಯಮ್ಮ ಬಾಗಿಲಲ್ಲಿ ನಿಂತು ನೋಡಿದಳು. ತಾನು ಹನ್ನೊಂದು ವರ್ಷ ಕಾದಿದ್ದ ತಂಗಿ ತಲೆತುಂಬ ಮರದ ಹೊಟ್ಟು, ಮೈತುಂಬ ಐಸಿನ ನೀರು, ಗಡಗಡ ನಡುಗುತ್ತ ಗಾಡಿಯಿಂದ ಇಳಿದಳು. ಕೈಯಲ್ಲಿ ಹೂವಿನ ಬುಟ್ಟಿ ಮಾತ್ರ ನೆಟ್ಟಗಿತ್ತು.

"ಹೀಗೆ ಹೊತ್ತು ತರಿಸ್ತೀಯಾ ನನ್ನ?" ಎಂದಳು ರೀತಮ್ಮ.

ಆರೋಗ್ಯಮ್ಮ ಒಣ ಸೀರೆಗೆ ಓಡಿದಳು, ಹೋಗುತ್ತಲೇ ಮಗನಿಗೆ ಬೈದಳು. "ನಡುಗ್ತಿದಾಳೆ, ನೋಡ್ತಾ ನಿಂತಿದೀಯಲ್ಲೋ! ನಡುಗೋರಿಗೆ ತಣ್ಣಗಿರೋದು ಕೊಡಬಾರದು. ಚೆನ್ನಾಗಿ ಕಾಯಿಸಿ ಲೋಟದಲ್ಲಿ ಕೊಡ್ಬೇಕು ಕಣೋ."

"ಆಯ್ತಮ್ಮ," ಎಂದ ಇನ್ನಾಸಿ.

ಕಾಫಿ ಬಂತು. ರೀತಮ್ಮ ಮುಟ್ಟಲಿಲ್ಲ. ಸೀರೆ ಒಣಗಿದ ಕೂಡಲೇ ಹೊರಡುತ್ತೇನೆ, ನಿನ್ನ ಮನೆಯ ನೀರೂ ಬೇಡ ಎಂದು ಜಗಲಿಯ ಕಂಬಕ್ಕೆ ಒರಗಿ ಮುಖ ಆ ಕಡೆ ತಿರುಗಿಸಿ ಕೂತಳು. ಆರೋಗ್ಯಮ್ಮ ಒಳಗೆ ಹೋಗಿ ಐಸು ಕುಟ್ಟಿದಳು, ಉಪ್ಪು ಚೆಲ್ಲಿದಳು, ಡಬ್ಬಿಗೆ ಹಾಲು ಹೊಯ್ದು ಜಾಯಿಕಾಯಿ ತೇಯ್ದು ಹಾಕಿದಳು. ಮಗನ ಕೈಗೆ ಹಿಡಿ ಕೊಟ್ಟು, "ತಿರುಗಿಸು. ಗಟ್ಟಿಯಾದ ಮೇಲೆ ಎರಡು ಬಟ್ಟಲಿಗೆ ಹಾಕ್ಕೊಂಡು ಬಾ," ಎಂದಳು.

ಗರಗರ, ಗರಗರ.

ಹೊರಗೆ ರೀತಮ್ಮನ ಕತ್ತು ನಿಧಾನಕ್ಕೆ ತಿರುಗಿತು. "ಅದೇನದು ಸದ್ದು?"

ಆರೋಗ್ಯಮ್ಮ ಅವಳ ಪಕ್ಕ ಕೂತಳು. ಬಾಗಿಲ ಹಿಂದಿನಿಂದ ಆ ಸದ್ದು ಬರುತ್ತಲೇ ಇತ್ತು. ಚಿಕ್ಕಂದಿನಲ್ಲಿ ಕೂತ ಹಾಗೆಯೇ ಕೂತಿದ್ದರು, ಮಂಡಿಗೆ ಮಂಡಿ ತಾಗಿಸಿ.

"ಬೇರೆ ಬಕೆಟ್ಟು ಕಣೇ," ಎಂದಳು ಆರೋಗ್ಯಮ್ಮ. "ಅಪ್ಪನ್ದಲ್ಲ. ಅಪ್ಪನ್ದೂ ಕೆಟ್ಟಿರಲಿಲ್ಲ ರೀತಾ. ಒಣಗಿತ್ತು ಅಷ್ಟೆ. ಎರಡು ದಿನ ನೀರಲ್ಲಿ ಇಟ್ಟಿದ್ರೆ ಸಾಕಾಗಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಿನಗೆ ಹೇಳೋ ಮುಖ ಇರಲಿಲ್ಲ."

ಇಷ್ಟು ವರ್ಷ ಹೊಟ್ಟೆಯಲ್ಲಿದ್ದ ಮಾತು ಹೊರಗೆ ಬಂತು. ಭುಜ ಅದುರಿತು. ರೀತಮ್ಮ ತುಟಿ ಬಿಗಿಹಿಡಿದು ನೋಡಿದಳು, ನೋಡಿದಳು, ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಇಬ್ಬರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಮೈ ಅದುರುವಂತೆ ಅತ್ತರು.

ಬಹಳ ಹೊತ್ತಿನ ಮೇಲೆ ರೀತಮ್ಮ ಮೂಗು ಒರೆಸಿಕೊಂಡಳು. "ಸರಿ. ಒಂದು ಬಟ್ಟಲು ತಿಂದು ಹೋಗ್ತೀನಿ. ಗಟ್ಟಿಯಾಗಿರ್ಬೇಕು. ಕೆತ್ತಿ ತಿನ್ನೋ ಹಾಗಿರ್ಬೇಕು."

"ಇನ್ನಾಸಿ, ತಗೊಂಬಾರೋ," ಎಂದು ಕೂಗಿದಳು ಆರೋಗ್ಯಮ್ಮ. ಅವಳ ದನಿಯಲ್ಲಿ ಹನ್ನೊಂದು ವರ್ಷದಲ್ಲಿ ಇಲ್ಲದ ಗೆಲುವಿತ್ತು.

ಇನ್ನಾಸಿ ಬಂದ. ಕೈಯಲ್ಲಿ ಬಟ್ಟಲಿಲ್ಲ. ಎರಡು ಹಿತ್ತಾಳೆ ಲೋಟ. ಲೋಟದಿಂದ ಹಬೆ.

"ಏನೋ ಇದು?"

"ಐಸ್ ಕ್ರೀಮಮ್ಮ. ಬಟ್ಟಲಲ್ಲೇ ತಂದಿದ್ದೆ, ಚಮಚ ನಿಲ್ಲೋ ಹಾಗಿತ್ತು. ಬಾಗಿಲಲ್ಲಿ ನೋಡಿದ್ರೆ ನೀವಿಬ್ಬರೂ ನಡುಗ್ತಿದ್ರಿ. ನಡುಗೋರಿಗೆ ತಣ್ಣಗಿರೋದು ಕೊಡಬಾರದಲ್ಲ? ಚೆನ್ನಾಗಿ ಕಾಯಿಸಿ ತಂದೆ. ಮೂರು ಉಕ್ಕು ಬಂತು."

ಆರೋಗ್ಯಮ್ಮ ಎದ್ದು ನಿಂತಳು. ಒಂದು ವಾರದ ಪಾಡು, ಹನ್ನೊಂದು ವರ್ಷದ ಆಸೆ, ಎಲ್ಲ ಒಲೆಯ ಮೇಲೆ ಮೂರು ಉಕ್ಕು ಬಂದುಹೋಗಿತ್ತು. "ಯಾವ ಗಳಿಗೇಲಿ..." ಎಂದು ಶುರು ಮಾಡಿದಳು.

"ಅಕ್ಕ, ತಡಿ," ಎಂದಳು ರೀತಮ್ಮ.

ಅವಳು ಲೋಟ ಮೂಗಿನ ಹತ್ತಿರ ಹಿಡಿದಿದ್ದಳು. ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ಆಮೇಲೆ ಅಕ್ಕನ ಲೋಟವನ್ನು ಅವಳ ಕೈಗಿಟ್ಟಳು. ಆರೋಗ್ಯಮ್ಮ ಕುಡಿದಳು.

ಹಾಲು, ಸಕ್ಕರೆ, ಜಾಯಿಕಾಯಿ, ತಳದಲ್ಲಿ ಒಂದಿಷ್ಟು ಸೀದ ವಾಸನೆ. ಟಿಫನ್ ಕ್ಯಾರಿಯರಿನಲ್ಲಿ ಕರಗಿ ಬಂದದ್ದನ್ನು ಅಪ್ಪ ತಣ್ಣಗೆ ಕೊಡುತ್ತಿರಲಿಲ್ಲ. ಮಕ್ಕಳಿಗೆ ಕೆಮ್ಮು ಹತ್ತೀತೆಂದು ಒಲೆಯ ಮೇಲಿಟ್ಟು, ಇಬ್ಬರನ್ನೂ ತೊಡೆಯ ಮೇಲೆ ಕೂರಿಸಿಕೊಂಡು, ಊದಿ ಊದಿ ಕುಡಿಸುತ್ತಿದ್ದ. ಇದೇ ಅದು. ಹೀಗೆಯೇ ಇತ್ತು. ಬಟ್ಟಲು, ಚಮಚ ಸಾಹೇಬರವು. ಈ ಲೋಟ ಅಪ್ಪನದು.

"ಅಪ್ಪನ ಐಸ್ ಕ್ರೀಮು," ಎಂದಳು ರೀತಮ್ಮ. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

ಇನ್ನಾಸಿ ಬೈಗುಳಕ್ಕೆ ಕಾದು ನಿಂತಿದ್ದ. ಬೈಗುಳ ಬರಲಿಲ್ಲ. ಬೈಗುಳ ಬಾರದಿದ್ದರೆ ನಾಳೆ ಹೇಗಿರಬೇಕೆಂದು ಅವನಿಗೆ ಹೇಗೆ ತಿಳಿಯಬೇಕು? ಬಾಗಿಲ ಹತ್ತಿರ ಕಾಲು ಬದಲಿಸುತ್ತ ನಿಂತ.

ದೂರದಲ್ಲಿ ಐದರ ರೈಲು ಕೂಗಿತು. ರೀತಮ್ಮ ಏಳಲಿಲ್ಲ. "ನಾಳೆ ಬೆಳಿಗ್ಗೆ ಇಬ್ಬರೂ ಹೋಗಿ ಅಪ್ಪನಿಗೆ ಹೂ ಇಡೋಣ. ಇನ್ನಾಸಿ, ಡಬ್ಬೀಲಿ ಇನ್ನೂ ಇದ್ರೆ ಅದನ್ನೂ ಈಗಲೇ ಕಾಯಿಸಿ ತಗೊಂಬಾ ಕಣೋ," ಎಂದಳು.

"ಹೋಗು," ಎಂದಳು ಆರೋಗ್ಯಮ್ಮ ಕಣ್ಣೊರೆಸಿಕೊಂಡು. ಅಷ್ಟರಲ್ಲಿ ಮಗನ ಗುಣ ನೆನಪಾಯಿತು. "ನೋಡು, ಡಬ್ಬೀಲಿರೋದನ್ನ ಮಾತ್ರ ಒಲೆ ಮೇಲಿಡು. ಬಕೆಟ್ಟನ್ನ ಒಲೆಗೆ ಹಾಕ್ಬೇಡ, ಆಯ್ತಾ?"

ಇನ್ನಾಸಿ ಮೊದಲ ಸಲ ಅಮ್ಮನ ಮುಖವನ್ನು ಅನುಮಾನದಿಂದ ನೋಡಿದ.

"ಅದನ್ನೂ ಹೇಳಿಕೊಡ್ಬೇಕೇನಮ್ಮ? ಅಷ್ಟು ಒಳ್ಳೇ ಬಕೆಟ್ಟನ್ನ ಯಾವ ಪೆದ್ದನಾದ್ರೂ ಒಲೆಗೆ ಹಾಕ್ತಾನಾ?"

ರೀತಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ಲೋಟದೊಳಗೆ ನೋಡಿದಳು. ಮೊದಲು ನಕ್ಕವರು ಯಾರೋ ಗೊತ್ತಿಲ್ಲ, ಆದರೆ ಆ ನಗು ಸ್ಟೇಷನ್ನಿನ ತನಕ ಕೇಳಿಸಿತಂತೆ.