ಬ್ಯಾಟರಿಯ ಚಿತ್ರವಿದ್ದ ಕೆಂಪು ದೀಪ

"ಬುದ್ಧಿ, ದಿನಕ್ಕೆ ಮುನ್ನೂರು ಎಲೆಯ ಊಟ. ಅಡುಗೆಯ ಗುರುಪಾದಪ್ಪ ಕೈಸೋತಿದ್ದಾನೆ. ಅನ್ನದ ತಳ ಹಿಡಿಸುತ್ತಾನೆ, ಕೇಳಿದರೆ ಸಿಡುಕುತ್ತಾನೆ. ಹೊಸಬನೊಬ್ಬ ಬರಲು ಒಪ್ಪಿದ್ದಾನೆ. ಇವನನ್ನು ಬಿಡಿಸಲೇ?" ಎಂದು ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಶಿಷ್ಯ ಮರುಳಪ್ಪ ಕೇಳಿದನು.

ಸ್ವಾಮಿಗಳು ಮಠಕ್ಕೆ ಬರುವ ಮೊದಲು ವ್ಯಾಪಾರ ಮಾಡಿದವರು. ಆಳನ್ನು ಬದಲಾಯಿಸುವ ಮಾತಿಗೆ ಆತುರಪಡುವವರಲ್ಲ. ಒಂದು ಕತೆ ಹೇಳಿದರು.

ಒಬ್ಬ ರೇಷ್ಮೆಗೂಡಿನ ವ್ಯಾಪಾರಿ ಇದ್ದನು. ಹಳ್ಳಿಗಳಲ್ಲಿ ಗೂಡು ಕೊಂಡು ತನ್ನ ವ್ಯಾನಿನಲ್ಲಿ ಪೇಟೆಗೆ ಒಯ್ಯುತ್ತಿದ್ದನು. ಗೂಡು ಕಾಯುವ ಸರಕಲ್ಲ. ದಿನ ಮೀರಿದರೆ ಚಿಟ್ಟೆ ಅದನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲಾಗದು.

ಒಂದು ದಿನ ಓಡುತ್ತಿದ್ದ ವ್ಯಾನಿನಲ್ಲಿ ಕೆಂಪು ದೀಪ ಹೊತ್ತಿತು. ಅದರ ಮೇಲೆ ಬ್ಯಾಟರಿಯ ಚಿತ್ರವಿತ್ತು. ಚಿತ್ರ ಯಾವುದರದೋ, ದೋಷವೂ ಅದರದೇ ಎಂದುಕೊಂಡ ವ್ಯಾಪಾರಿ, ಮೂರು ವರ್ಷ ದುಡಿದ ಬ್ಯಾಟರಿಯನ್ನು ಬೈದು ಕೆಳಗಿಳಿಸಿ ಹೊಸದನ್ನು ಹಾಕಿಸಿದನು. ದೀಪ ಆರಲಿಲ್ಲ. ಹೊಸದಲ್ಲವೇ, ಹೊಂದಿಕೊಳ್ಳಲಿ ಎಂದು ಎರಡು ದಿನ ಹಾಗೆಯೇ ಓಡಿಸಿದನು. ಮೂರನೆಯ ದಿನ ಗೂಡು ತುಂಬಿಕೊಂಡು ಹೋಗುವಾಗ ಹಾರ್ನಿನ ಸದ್ದು ಕುಗ್ಗಿತು, ವ್ಯಾನು ನಿಂತಿತು.

ಹತ್ತಿರದ ಗ್ಯಾರೇಜಿನ ಮೇಸ್ತ್ರಿ ಬಂದು, ತನ್ನಲ್ಲಿದ್ದ ತುಂಬಿದ ಬ್ಯಾಟರಿಯೊಂದನ್ನು ಜೋಡಿಸಿ ಮೀಟರ್ ಹಿಡಿದನು. ಮುಳ್ಳು ಹನ್ನೆರಡೂವರೆ ವೋಲ್ಟು ತೋರಿಸಿತು. ಎಂಜಿನ್ ಚಾಲೂ ಮಾಡಿದರೆ ಅದು ಹದಿನಾಲ್ಕರ ಹತ್ತಿರ ಏರಬೇಕು; ಆದರೆ ಹನ್ನೆರಡಕ್ಕೆ ಇಳಿಯಿತು.

"ಸಾಹುಕಾರ್ರೇ, ಇನ್ನೆಷ್ಟು ಬ್ಯಾಟರಿಗೆ ಬೈತೀರಿ?" ಎಂದು ಮೇಸ್ತ್ರಿ ನಕ್ಕನು.

"ದೀಪದ ಮೇಲೆ ಅದರ ಚಿತ್ರವೇ ಇದೆಯಲ್ಲಯ್ಯಾ!"

"ಅದು ಕಳ್ಳನ ಚಿತ್ರ ಅಲ್ಲ ಸ್ವಾಮಿ, ಹಸಿದವನ ಚಿತ್ರ. ದೀಪ, ಹಾರ್ನು, ಎಂಜಿನ್ನು, ಎಲ್ಲಕ್ಕೂ ಇದೇ ಕರೆಂಟು ಕೊಡ್ತಾ ಇದೆ. ಇದಕ್ಕೆ ಕೊಡಬೇಕಾದ ಆಲ್ಟರ್ನೇಟರ್ ಸುಮ್ಮನೆ ತಿರುಗ್ತಾ ಇದೆ."

ಬಿಚ್ಚಿ ನೋಡಿದರೆ ಆಲ್ಟರ್ನೇಟರಿನೊಳಗೆ ಕರೆಂಟು ಹಾಯಿಸುವ, ಉಗುರಿನಷ್ಟು ಉದ್ದದ ಎರಡು ಕಾರ್ಬನ್ ಬ್ರಷ್ಷುಗಳು ಸವೆದುಹೋಗಿದ್ದವು. ಅವನ್ನು ಬದಲಿಸಿದೊಡನೆ ಮುಳ್ಳು ಹದಿನಾಲ್ಕಕ್ಕೆ ಏರಿತು, ಕೆಂಪು ದೀಪ ಆರಿತು. ಗೂಡು ಹೊತ್ತಿಗೆ ಸರಿಯಾಗಿ ಪೇಟೆ ಸೇರಿತು.

ವ್ಯಾಪಾರಿ ಮರಳಿ ಬಂದು, ಮೇಸ್ತ್ರಿಯ ಬ್ಯಾಟರಿಯನ್ನು ಹಿಂದಿರುಗಿಸಿ ಅವನಿಗೆ ಕೈಮುಗಿದನು. ಮನೆಗೆ ಹೋಗಿ, ಮೂಲೆಗಿಟ್ಟಿದ್ದ ಹಳೆಯ ಬ್ಯಾಟರಿಯನ್ನು ಒರೆಸಿ, ಚಾರ್ಜ್ ಮಾಡಿಸಿ, ಮತ್ತೆ ವ್ಯಾನಿನಲ್ಲಿ ಕೂರಿಸಿದನು. ಅದು ಇನ್ನೂ ಎರಡು ವರ್ಷ ದುಡಿಯಿತು. ದಿನವೂ ಹೊರಡುವ ಮುನ್ನ ಅವನು ಅದನ್ನೊಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದನು. ಒಟ್ಟು ದಕ್ಕಿದ್ದು ಒಂದು ವ್ಯಾನು ಗೂಡು, ಎರಡು ಬ್ಯಾಟರಿ, ಒಬ್ಬ ನಂಬುವಂಥ ಮೇಸ್ತ್ರಿ.

"ಹಾಗಾದರೆ ಗುರುಪಾದಪ್ಪನನ್ನೇ ಇಟ್ಟುಕೊಳ್ಳಲೇ, ಬುದ್ಧಿ?" ಎಂದನು ಮರುಳಪ್ಪ.

ಸ್ವಾಮಿಗಳು ಕೇಳಿದರು: "ಮುನ್ನೂರು ಎಲೆ ಎತ್ತಿದ ಮೇಲೆ ಅವನ ಎಲೆಗೆ ಬಡಿಸುವವರು ಯಾರು, ಮರಿ?"

ಮರುಳಪ್ಪ ಒಂದು ಎಲೆ ತೆಗೆದುಕೊಂಡು ಅಡುಗೆಮನೆಯತ್ತ ನಡೆದನು.